ರಣಮಂಡಲದಿಂದ ಏನೇನು ಕಾಣುತ್ತಿತ್ತು

ಕೋಟೆ ಎಂದ ಕೂಡಲೇ ನಾವು ಗೋಡೆಯನ್ನು ನೆನೆಯುತ್ತೇವೆ. ಕಟ್ಟಿಸಿದವರಿಗೆ ಗೋಡೆಯಷ್ಟೇ ಮುಖ್ಯವಾಗಿದ್ದದ್ದು ಅದರ ಹೊರಗಿನ ಬಯಲು. ಕಂದಕದಾಚೆ ಒಂದು ಮನೆ, ಒಂದು ಬೇವಿನ ಮರ, ಒಂದು ಮಣ್ಣಿನ ದಿಬ್ಬ ಇದ್ದರೆ ಸಾಕು, ಅದರ ಬೆನ್ನಿಗೆ ಬಿಲ್ಲುಗಾರನೊಬ್ಬ ಅಡಗಬಹುದು. ಹಾಗಾಗಿ ಬುರುಜು ಕಟ್ಟುವವನು ಕಲ್ಲು ಕೂರಿಸುವ ಮೊದಲೇ ಒಂದು ಲೆಕ್ಕ ಹಾಕಿರುತ್ತಿದ್ದ: ಇಲ್ಲಿ ನಿಂತರೆ ಏನೇನು ಕಾಣುತ್ತದೆ, ಏನೇನು ಮರೆಯಾಗುತ್ತದೆ. ಇದೇ ಲೆಕ್ಕವನ್ನು ಇಂದು ಕಂಪ್ಯೂಟರಿನಲ್ಲಿ ಮಾಡುವುದು ನನ್ನ ಉದ್ಯೋಗ. ನಾನು ಹುಟ್ಟಿದ್ದು ಕಲಬುರಗಿಯ ಮೋಮಿನಪುರದಲ್ಲಿ, ನೇಕಾರರ ಮನೆತನದಲ್ಲಿ. ಈಗ ನಕ್ಷೆಗಳ ದತ್ತಾಂಶ ನೋಡಿಕೊಂಡು ಹೊಟ್ಟೆ ಹೊರೆಯುತ್ತೇನೆ. ಆದ್ದರಿಂದ ನಮ್ಮೂರ ಚರಿತ್ರೆಯನ್ನು ಯಾರು ಯಾರನ್ನು ಗೆದ್ದರು ಅನ್ನುವುದಕ್ಕಿಂತ, ಎಲ್ಲಿಂದ ಏನು ಕಾಣುತ್ತಿತ್ತು ಅನ್ನುವ ದಿಕ್ಕಿನಿಂದ ಓದುವ ಚಟ ಹತ್ತಿದೆ.

1347ರಲ್ಲಿ ದೌಲತಾಬಾದಿನಲ್ಲಿ ಪಟ್ಟಕ್ಕೆ ಬಂದ ಅಲಾವುದ್ದೀನ್ ಹಸನ್ ಬಹಮನ್ ಶಾ ರಾಜಧಾನಿಗೆಂದು ಆರಿಸಿಕೊಂಡದ್ದು ಕಲಬುರಗಿಯನ್ನು. ಇಲ್ಲಿ ಬೆಟ್ಟವಿಲ್ಲ. ದೌಲತಾಬಾದಿಗೆ ಗುಡ್ಡವೇ ಕೋಟೆ, ಬೀದರಿಗೆ ಪ್ರಸ್ಥಭೂಮಿಯ ಅಂಚೇ ಗೋಡೆ. ಕಲಬುರಗಿಗೆ ಸಿಕ್ಕಿದ್ದು ಸಪಾಟು ಎರೆ ನೆಲ. ಇಂಥ ನೆಲದಲ್ಲಿ ಕೋಟೆಗೆ ರಕ್ಷಣೆ ಬೇಕೆಂದರೆ ನೋಟವನ್ನು ಕೈಯಿಂದಲೇ ಕಟ್ಟಬೇಕು. ಜೋಡಿ ಗೋಡೆ, ಅಗಲವಾದ ಕಂದಕ, ಸುತ್ತ ಬುರುಜುಗಳು ಎದ್ದವು. ಒಳಗೆ ರಣಮಂಡಲ ಎದ್ದಿತು. ಪುಸ್ತಕಗಳು ಅದನ್ನು ಬಾಲಾ ಹಿಸಾರ್ ಎನ್ನುತ್ತವೆ. ಅರಮನೆಗೆ ಬೇಕಾದ ನಾಜೂಕು ಅದರಲ್ಲಿ ಒಂದೂ ಇಲ್ಲ. ಹೊರಮೈಯಲ್ಲಿ ಕಿಟಕಿ ಹುಡುಕಿದರೆ ಸಿಗುವುದು ಕಡಿಮೆ, ಮೂಲೆಗಳಲ್ಲಿ ಉಬ್ಬಿದ ದುಂಡು ಬುರುಜುಗಳು, ಮೇಲೆ ತೋಪು. ಅದರ ಪಕ್ಕದಲ್ಲೇ 1367ರ ಜಾಮಿ ಮಸೀದಿ. ಎರಡನ್ನೂ ಒಟ್ಟಿಗೆ ನೋಡಿದವರಿಗೆ ಒಂದು ಕಲ್ಲಿನ ಮುದ್ದೆ, ಇನ್ನೊಂದು ಕಮಾನುಗಳ ಕಾಡು.

ಮಸೀದಿಯ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ, ಮುಂದಿನ ಮಾತಿಗೆ ಅದು ಬೇಕು. ಅದಕ್ಕೆ ತೆರೆದ ಅಂಗಳವಿಲ್ಲ. ಪೂರ್ತಿ ಚಾವಣಿ, ಅದರ ಮೇಲೆ ಸಾಲು ಸಾಲು ಸಣ್ಣ ಗುಮ್ಮಟ. ಮೂರು ಬದಿಯ ಪಡಸಾಲೆಗಳಲ್ಲಿ ತೀರ ಅಗಲವಾದ, ಮೊಣಕಾಲೆತ್ತರದಿಂದಲೇ ಬಾಗತೊಡಗುವಂಥ ಕಮಾನುಗಳು. ಆ ಪಡಸಾಲೆಯ ಒಂದು ತುದಿಯಲ್ಲಿ ನಿಂತರೆ ಕಮಾನಿನೊಳಗೆ ಕಮಾನು ಸೇರಿ ಕಣ್ಣು ಆ ತುದಿಯವರೆಗೆ ಓಡುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಒಳಗಿನ ಕಂಬಗಳ ನಡುವೆ ನಿಂತರೆ ನೋಟ ಚೂರು ಚೂರಾಗುತ್ತದೆ: ಒಂದು ಪಟ್ಟಿ ಬೆಳಕು, ಒಂದು ಕಂಬದ ಮರೆ, ಮತ್ತೊಂದು ಪಟ್ಟಿ. ನಿಂತ ಜಾಗದಿಂದ ಕಾಣುವ ನೆಲವನ್ನೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆದು ಗುರುತಿಸಿದರೆ ಒಂದು ವಿಚಿತ್ರ ಮುಳ್ಳುಮುಳ್ಳಿನ ಆಕೃತಿ ಸಿಗುತ್ತದೆ. 1967ರಲ್ಲಿ ಕ್ಲಿಫರ್ಡ್ ಟ್ಯಾಂಡಿ ಇಂಥ ಆಕೃತಿಗೆ ಐಸೋವಿಸ್ಟ್ ಎಂದು ಹೆಸರಿಟ್ಟ. 1979ರಲ್ಲಿ ಮೈಕೆಲ್ ಬೆನೆಡಿಕ್ಟ್ ಅದನ್ನು ಗಣಿತಕ್ಕೆ ಒಗ್ಗಿಸಿದ. ನಮ್ಮ ಮಸೀದಿಗೆ ಆಗಲೇ ಆರುನೂರು ವರ್ಷ ದಾಟಿತ್ತು.

ಊರಿನಲ್ಲಿ ಯಾರು ಎಲ್ಲಿರಬೇಕು ಅನ್ನುವುದನ್ನೂ ಕೋಟೆಯ ಕಣ್ಣೇ ತೀರ್ಮಾನಿಸಿದ ಒಂದು ಪ್ರಸಂಗವಿದೆ. ಸೂಫಿ ಸಂತ ಖ್ವಾಜಾ ಬಂದೇ ನವಾಜ್ ಗೇಸೂದರಾಜರು ಫಿರೋಜ್ ಶಾ ಬಹಮನಿಯ ಕಾಲದಲ್ಲಿ ಕಲಬುರಗಿಗೆ ಬಂದಾಗ ಅವರ ಖಾನಕಾ, ಅಂದರೆ ಸೂಫಿ ಮಠ, ಇದ್ದದ್ದು ಕೋಟೆಯ ಹತ್ತಿರದಲ್ಲೇ. ಸುಲ್ತಾನನೇ ಆದರದಿಂದ ಬರಮಾಡಿಕೊಂಡಿದ್ದ. ಆಮೇಲೆ ಇಬ್ಬರ ನಡುವೆ ಮನಸ್ತಾಪ ಬಂತು. ಖಾನಕಾಕ್ಕೆ ಸೇರುವ ಜನಜಂಗುಳಿ ಕೋಟೆಯ ಕ್ಷೇಮಕ್ಕೆ ಒಳ್ಳೆಯದಲ್ಲ ಎಂಬ ಕಾರಣ ಹೇಳಿ ದೂರ ಹೋಗುವಂತೆ ಹೇಳಿಸಿದ. ನಿಜವಾದ ಕಾರಣ ರಾಜಕೀಯದ್ದು ಎನ್ನುವವರೇ ಹೆಚ್ಚು, ನನಗೂ ಹಾಗೇ ಅನಿಸುತ್ತದೆ. ಆದರೆ ನೆಪಕ್ಕೂ ಒಂದು ಅರ್ಥವಿರಬೇಕಲ್ಲ? ಕೋಟೆಯ ಬುಡದಲ್ಲಿ ಗುಂಪು ಸೇರಬಾರದು ಎಂದರೆ ಅಂದಿನ ಯಾವ ಸಿಪಾಯಿಗೂ ಒಪ್ಪಿಗೆಯಾಗುವ ಮಾತು. ಖ್ವಾಜಾ ಈಗಿನ ದರ್ಗಾ ಇರುವ ಕಡೆ ಹೋದರು, 1422ರಲ್ಲಿ ಅಲ್ಲೇ ತೀರಿಕೊಂಡರು. ಅದೇ ವರ್ಷ ಫಿರೋಜನೂ ಹೋದ. ಅವನ ಜೋಡಿ ಗುಮ್ಮಟದ ಗೋರಿ ಹಫ್ತ್ ಗುಂಬಜ್ ಎಂಬ ರಾಜಗೋರಿಗಳ ಸಮೂಹದಲ್ಲಿದೆ. ದರ್ಗಾ ಇರುವ ಪೂರ್ವದ ಕಡೆಗೇ ಸುಲ್ತಾನನೂ ಬಂದು ಮಲಗಿದ ಹಾಗಾಯಿತು. ಊರು ಬೆಳೆದದ್ದೂ ಕೋಟೆಯ ಕಡೆಗಲ್ಲ, ದರ್ಗಾದ ಕಡೆಗೆ. ಉರುಸಿಗೆ ಬರುವ ಸಾವಿರಾರು ಜನರಲ್ಲಿ ಕಿಲ್ಲೆಯೊಳಗೆ ಕಾಲಿಡದೆ ಹೋಗುವವರು ಎಷ್ಟೋ.

ಫಿರೋಜನ ಬಗ್ಗೆ ಇನ್ನೊಂದು ಮಾತು. ನಕ್ಷತ್ರಗಳ ಹುಚ್ಚಿದ್ದ ದೊರೆ ಅವನು. ದೌಲತಾಬಾದಿನ ಹತ್ತಿರ ಒಂದು ವೀಕ್ಷಣಾಲಯ ಕಟ್ಟಿಸಲು ಹಕೀಮ್ ಹಸನ್ ಗೀಲಾನಿಗೆ ಹೇಳಿದ್ದನೆಂದೂ, ಹಕೀಮ ತೀರಿಕೊಂಡದ್ದರಿಂದ ಕೆಲಸ ನಿಂತಿತೆಂದೂ ಚರಿತ್ರೆಕಾರ ಫಿರಿಶ್ತಾ ಬರೆದಿದ್ದಾನೆ. ನೋಡಲಿಕ್ಕೆಂದೇ ಜಾಗ ಹುಡುಕುವ ಬುದ್ಧಿ ಈ ಅರಸರಲ್ಲಿ ಗಟ್ಟಿಯಾಗಿತ್ತು. ಊರ ಪಶ್ಚಿಮಕ್ಕೆ ದಿಬ್ಬದ ಮೇಲೆ ಒಂಟಿಯಾಗಿ ನಿಂತ ಚೋರ್ ಗುಂಬಜ್ ಕೂಡ ಅದೇ ಕಾಲದ್ದು. ಕಳ್ಳರು ಅಡಗುತ್ತಿದ್ದರು, ಅದಕ್ಕೇ ಆ ಹೆಸರು ಎನ್ನುತ್ತಾರೆ. ಸುತ್ತಣ ಹಾದಿಯೆಲ್ಲ ಕಾಣುವ ಎತ್ತರ ಕಳ್ಳನಿಗೂ ಕಾವಲುಗಾರನಿಗೂ ಒಂದೇ.

ತೋಪು ಬಂದ ಮೇಲೆ ಕೋಟೆಯ ನೋಟದ ಲೆಕ್ಕ ಬಿಗಿಯಾಯಿತು. ರಾಜಧಾನಿ ಬೀದರಿಗೆ ಹೋಗಿ, ಬಹಮನಿ ರಾಜ್ಯ ಒಡೆದು, ಕಲಬುರಗಿ ಬಿಜಾಪುರದ ಆದಿಲ್‌ಶಾಹಿಗಳ ಕೈಗೆ ಬಂತು. 16ನೇ ಶತಮಾನದ ಕೊನೆಯ ಹೊತ್ತಿಗೆ ದಖ್ಖನ್ ಕೋಟೆಗಳಲ್ಲಿ ಗೋಡೆಯನ್ನೂ ಮೀರಿದ ಎತ್ತರದ ಬುರುಜುಗಳು ಏಳತೊಡಗಿದವು. ಬಿಜಾಪುರದ ಉಪ್ಪಲಿ ಬುರುಜು ಅವುಗಳಲ್ಲಿ ಹೆಸರುವಾಸಿ. ಹೈದರ್ ಖಾನ್ 1584ರ ಸುಮಾರಿಗೆ ಕಟ್ಟಿಸಿದ ಅದರ ಎತ್ತರ ಹತ್ತಿರ ಹತ್ತಿರ 80 ಅಡಿ. ಮೇಲಿನ ದುಂಡು ಕಟ್ಟೆಯ ನಡುವೆ ಗೂಟ, ಗೂಟಕ್ಕೆ ಕೂರಿಸಿದ ಉದ್ದನೆಯ ಕಬ್ಬಿಣದ ತೋಪು. ತೋಪು ಗಾಣದ ಎತ್ತಿನಂತೆ ಸುತ್ತುತ್ತಿತ್ತು. ಅದರ ಬಾಯಿ ತಿರುಗಿದ ದಿಕ್ಕಿನಲ್ಲೆಲ್ಲ ಗುಂಡು ಹೋಗಬೇಕು, ಗುಂಡು ಹೋಗಬೇಕಾದರೆ ಮೊದಲು ಕಣ್ಣು ಹೋಗಬೇಕು. ಕಲಬುರಗಿ ಕೋಟೆಯಲ್ಲಿ ಜನ ಮುಗಿಬಿದ್ದು ಫೋಟೊ ತೆಗೆಸಿಕೊಳ್ಳುವ ಬಾರಾ ಗಜಿ ತೋಪು 29 ಅಡಿ ಉದ್ದ ಎನ್ನುತ್ತಾರೆ. ಜಗತ್ತಿನಲ್ಲೇ ಉದ್ದದ್ದೋ ಅಲ್ಲವೋ ಎಂಬ ವಾದ ನನಗೆ ಬೇಡ. ಅದರ ಹಿಂದೆ ನಿಂತು ಅದರ ಮೈಯುದ್ದಕ್ಕೂ ಕಣ್ಣು ಹಾಯಿಸಿ ನೋಡಿ. ಅದು ತೋರಿಸುವ ಗೆರೆಯ ಮೇಲೆ ಈಗ ಏನಿದೆ ಎಂಬುದು ಹೆಚ್ಚು ಸ್ವಾರಸ್ಯದ ಪ್ರಶ್ನೆ.

ಬ್ರಿಟಿಷರು ಇದೇ ಲೆಕ್ಕವನ್ನು ಕಾಯ್ದೆಯಾಗಿ ಮಾಡಿದರು. ಕಲ್ಕತ್ತೆಯ ಮೈದಾನ ಇವತ್ತು ಫುಟ್‌ಬಾಲಿಗೂ ರಾಜಕೀಯ ಸಭೆಗೂ ಹೆಸರಾಗಿರಬಹುದು, ಅದು ಖಾಲಿ ಉಳಿದದ್ದು ಫೋರ್ಟ್ ವಿಲಿಯಂ ತೋಪುಗಳಿಗೆ ಅಡ್ಡ ಬರಬಾರದು ಎಂದು. 1903ರ ರಕ್ಷಣಾ ಕಾಮಗಾರಿಗಳ ಕಾಯ್ದೆ ಸೈನ್ಯದ ಕಟ್ಟಡಗಳ ಸುತ್ತ 2000 ಗಜದವರೆಗೆ ಯಾರು ಏನು ಕಟ್ಟಬಹುದು ಎಂದು ನಿರ್ಬಂಧಿಸುವ ಅಧಿಕಾರ ಕೊಟ್ಟಿತು. ಕಾಯ್ದೆ ಈಗಲೂ ಜೀವಂತವಾಗಿದೆ.

ಅವರೇ ನಡೆಸಿದ ಮತ್ತೊಂದು ಕೆಲಸ ನಮ್ಮ ಪಕ್ಕದ ಬೀದರ್ ಸೀಮೆಗೆ ಬಂತು. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಲ್ಲಿ ಆರಂಭಿಸಿದ ತ್ರಿಕೋನ ಮೋಜಣಿ ಕನ್ಯಾಕುಮಾರಿಯಿಂದ ಬಡಗಣಕ್ಕೆ ತ್ರಿಕೋನದ ಮೇಲೆ ತ್ರಿಕೋನ ಹೆಣೆಯುತ್ತ 1815ರಲ್ಲಿ ಬೀದರ್ ಹತ್ತಿರದ ದಾಮರಗಿದ್ದ ತಲುಪಿತು. ಅರ್ಧ ಟನ್ ತೂಗುವ ಥಿಯೋಡೊಲೈಟ್ ಯಂತ್ರ, ಅದನ್ನು ಹೊತ್ತು ಗುಡ್ಡ ಹತ್ತುವ ಕೂಲಿಗಳು, ದೂರದ ಗುಡ್ಡದ ಮೇಲೊಂದು ಬಾವುಟ. ಒಂದು ಗುಡ್ಡದಿಂದ ಮತ್ತೊಂದು ಕಂಡರಷ್ಟೇ ತ್ರಿಕೋನ ಕೂಡುತ್ತದೆ. ಕಾಣದಿದ್ದರೆ ಮರ ಕಡಿಯಬೇಕು, ಇಲ್ಲವೇ ದೇವಸ್ಥಾನದ ಗೋಪುರವನ್ನೋ ಹಳೆಯ ಬುರುಜನ್ನೋ ಹತ್ತಬೇಕು. ಈ ದುರ್ಬೀನಿನಿಂದ ಮನೆಯೊಳಗಿನ ಹೆಂಗಸರು ಕಾಣುತ್ತಾರೆ, ಅದೂ ತಲೆಕೆಳಗಾಗಿ ಕಾಣುತ್ತಾರೆ ಎಂದು ಊರಿನ ಗಂಡಸರು ರೊಚ್ಚಿಗೇಳುತ್ತಿದ್ದರಂತೆ. ನಗಬೇಡಿ. ಮೋಮಿನಪುರದಲ್ಲಿ ಮಾಳಿಗೆಯ ಸುತ್ತಗೋಡೆ ಆಳೆತ್ತರ ಇರುವುದಕ್ಕೂ ಅದೇ ಕಾರಣ. ಎದುರು ಮಾಳಿಗೆಯವನ ಕಣ್ಣು ನಮ್ಮ ಅಂಗಳಕ್ಕೆ ಬೀಳಬಾರದು. ಗೌಂಡಿ ಟೇಪು ಹಿಡಿಯುತ್ತಿರಲಿಲ್ಲ. ಮನೆಯ ಯಜಮಾನನನ್ನು ಅಂಗಳದ ನಡುವೆ ನಿಲ್ಲಿಸಿ, ತಾನು ಎದುರು ಮನೆಯ ಮಾಳಿಗೆ ಹತ್ತಿ, ಕಾಣಿಸುವುದು ನಿಲ್ಲುವವರೆಗೆ ಕಲ್ಲು ಏರಿಸಿ ಎಂದು ಕೂಗುತ್ತಿದ್ದ. ಇದಕ್ಕಿಂತ ಸರಿಯಾದ ಮೋಜಣಿ ನಾನು ಕಂಡಿಲ್ಲ.

ಈಗ ನನ್ನ ಕಸುಬಿಗೆ ಬರುತ್ತೇನೆ. ಪೋಸ್ಟ್‌ಗ್ರೆಸ್ ಎನ್ನುವ ಮುಕ್ತ ದತ್ತಸಂಚಯಕ್ಕೆ ಭೂಗೋಳದ ಬುದ್ಧಿ ಕೊಡುವ ಪೋಸ್ಟ್‌ಜಿಐಎಸ್ ಹೊರಬಂದದ್ದು 2001ರಲ್ಲಿ, ಕೆನಡಾದ ವಿಕ್ಟೋರಿಯಾ ಊರಿನ ಒಂದು ಸಣ್ಣ ಕಂಪನಿಯಿಂದ. ಹೆಸರು, ವಯಸ್ಸು, ಪಿನ್‌ಕೋಡ್ ಇಡುವ ಕೋಷ್ಟಕದಲ್ಲೇ ಮನೆಯ ಆಕಾರವನ್ನೂ ಇಡಬಹುದು, ಈ ಮನೆಗೆ ಆ ಗೆರೆ ತಾಗುತ್ತದೆಯೇ ಎಂದು ಕೇಳಬಹುದು. ನೋಟದ ಲೆಕ್ಕಕ್ಕೆ ಬೇಕಾದದ್ದು ಅಷ್ಟೇ. ರಣಮಂಡಲದ ಮೇಲೊಂದು ಚುಕ್ಕೆ ಇಡುತ್ತೇವೆ. ಅಲ್ಲಿಂದ ಸುತ್ತಲೂ ಗೆರೆಗಳನ್ನು ಬಿಡುತ್ತೇವೆ. ಪ್ರತಿ ಗೆರೆಯನ್ನು ಮೊದಲು ತಡೆದ ಕಟ್ಟಡದ ಬಳಿ ಕತ್ತರಿಸುತ್ತೇವೆ. ಕತ್ತರಿಸಿದ ತುದಿಗಳನ್ನೆಲ್ಲ ಕೂಡಿಸಿದರೆ ಕಾಣುವ ನೆಲದ ಆಕೃತಿ ಸಿಕ್ಕಿತು.

ಹೇಳುವುದು ಸುಲಭ. ಡಿಗ್ರಿಗೊಂದರಂತೆ 360 ಗೆರೆ ಬಿಟ್ಟರೆ ಮೂರು ಕಿಲೋಮೀಟರ್ ದೂರದಲ್ಲಿ ಎರಡು ಗೆರೆಗಳ ನಡುವೆ 52 ಮೀಟರ್ ಅಂತರ ಬೀಳುತ್ತದೆ. ಮೋಮಿನಪುರದ ಮನೆಗಳ ಮುಖ ಇಪ್ಪತ್ತು ಅಡಿ ಇದ್ದರೆ ದೊಡ್ಡದು. ಓಣಿಗೆ ಓಣಿಯೇ ಎರಡು ಗೆರೆಗಳ ನಡುವೆ ನುಸುಳಿಹೋಗುತ್ತದೆ. ಗೆರೆಗಳನ್ನು ಹತ್ತುಪಟ್ಟು ಮಾಡಿದರೂ ಐದು ಮೀಟರಿನ ಸಂದು ಉಳಿಯುತ್ತದೆ. ಆದ್ದರಿಂದ ತಿಳಿದವರು ಸುಮ್ಮನೆ ಸುತ್ತಲೂ ಗೆರೆ ಬಿಡುವುದಿಲ್ಲ, ಪ್ರತಿ ಕಟ್ಟಡದ ಪ್ರತಿ ಮೂಲೆಗೂ ಗುರಿಯಿಟ್ಟು ಬಿಡುತ್ತಾರೆ, ಮೂಲೆಯ ಎಡಕ್ಕೊಂದು ಬಲಕ್ಕೊಂದು ಕೂದಲೆಳೆಯಷ್ಟು ಸರಿಸಿ. ನೋಟ ಬದಲಾಗುವುದು ಮೂಲೆಗಳಲ್ಲಿ ಮಾತ್ರ. ಸಾವಿರಾರು ಮನೆ, ಒಂದೊಂದಕ್ಕೆ ನಾಲ್ಕಾರು ಮೂಲೆ, ಒಂದೊಂದು ಗೆರೆಯನ್ನೂ ಎಲ್ಲ ಮನೆಗಳ ಜೊತೆ ತಾಳೆ ನೋಡಿದರೆ ಯಂತ್ರ ರಾತ್ರಿಯಿಡೀ ಬುಸುಗುಟ್ಟುತ್ತದೆ. 1984ರಲ್ಲಿ ಆಂಟೊನಿನ್ ಗಟ್‌ಮನ್ ಹೊರತಂದ ಆರ್-ಟ್ರೀ ಎಂಬ ಉಪಾಯ ಇಲ್ಲಿ ಕೈಹಿಡಿಯುತ್ತದೆ. ಮನೆಗಳನ್ನು ಪೆಟ್ಟಿಗೆಯಲ್ಲಿ, ಪೆಟ್ಟಿಗೆಗಳನ್ನು ಇನ್ನೂ ದೊಡ್ಡ ಪೆಟ್ಟಿಗೆಯಲ್ಲಿ ಸೇರಿಸಿಡುವುದು. ಗೆರೆ ದೊಡ್ಡ ಪೆಟ್ಟಿಗೆಗೇ ತಾಗದಿದ್ದರೆ ಒಳಗಿನ ನೂರು ಮನೆಗಳನ್ನು ಕೇಳುವುದೇ ಬೇಡ. ಪೋಸ್ಟ್‌ಜಿಐಎಸ್ ಇದೇ ಉಪಾಯದ ಮೇಲೆ ನಿಂತಿದೆ. 2024ರಲ್ಲಿ ಬಂದ 3.5ನೇ ಆವೃತ್ತಿಯಿಂದ ಈ ಕಾಣುವ ನೆಲದ ಲೆಕ್ಕ ಮಾಡುವ ಸಿದ್ಧ ಆಜ್ಞೆಯೇ ಅದರಲ್ಲಿ ಸಿಗುತ್ತದೆ.

ಒಂದು ಎಚ್ಚರಿಕೆ ಬೇಕು. ಅಕ್ಷಾಂಶ ರೇಖಾಂಶಗಳ ಡಿಗ್ರಿಯಲ್ಲಿ ದೂರ ಅಳೆಯಬಾರದು. ಕಲಬುರಗಿಯ ನಕ್ಷೆಯನ್ನು ಮೊದಲು ಯುಟಿಎಂ ಎಂಬ ನಕ್ಷಾ ಪದ್ಧತಿಯ 43ನೇ ವಲಯದ ಮೀಟರುಗಳಿಗೆ ಇಳಿಸಿಕೊಳ್ಳಬೇಕು. ಆ ವಲಯದ ಪೂರ್ವದ ಗಡಿ 78ನೇ ರೇಖಾಂಶ, ಲ್ಯಾಂಬ್ಟನ್ನನ ತ್ರಿಕೋನಗಳ ಸರಣಿ, ಅಂದರೆ ಮಹಾಚಾಪ, ಸಾಗಿದ್ದೂ ಅದರ ಆಸುಪಾಸಿನಲ್ಲೇ. ಹಳೆಯ ಸಾಹೇಬನಿಗೆ ಒಂದು ಸಲಾಮು ಹೊಡೆದು ಮುಂದೆ ಹೋಗಬೇಕು.

ಯಂತ್ರಕ್ಕೆ ಬಾರದ ಕೆಲಸ ಎತ್ತರದ್ದು. ಉಪಗ್ರಹ ಚಿತ್ರ ನೋಡಿ ಮನೆಯ ಚಾವಣಿ ಗುರುತಿಸುವ ತಂತ್ರಾಂಶಗಳು ಬಂದಿವೆ. ಗೋಡೆಗೆ ಗೋಡೆ ಅಂಟಿದ ನಮ್ಮ ಓಣಿಗಳಲ್ಲಿ ಅವು ಎಷ್ಟೋ ಸಲ ಹತ್ತು ಮನೆಯನ್ನು ಒಂದೇ ಚಾವಣಿ ಎಂದು ಎಣಿಸುತ್ತವೆ. ಮಹಡಿ ಎಷ್ಟು ಎಂದು ತಿಳಿಯಲು ಓಣಿ ನಡೆಯಲೇಬೇಕು. ಮಹಡಿಗೆ ಮೂರು ಮೀಟರ್ ಎಂದು ಹಿಡಿದು, ಸುತ್ತಗೋಡೆಯ ಎತ್ತರ ಸೇರಿಸಿ ಬರೆದುಕೊಳ್ಳುತ್ತ ಹೋಗುವಾಗ ಕಟ್ಟೆಯ ಮೇಲೆ ಕೂತ ಹಿರಿಯರೊಬ್ಬರು ಕೇಳಿದರು: “ಏನ್ರಿ, ಟ್ಯಾಕ್ಸ್ ಹೆಚ್ಚ ಮಾಡ್ಲಿಕ್ಕ ಬಂದೀರೇನು?” ಅಲ್ಲ, ಕಿಲ್ಲೆ ಎಲ್ಲಿಂದ ಕಾಣ್ತದ ಅಂತ ನೋಡ್ಲಿಕ್ಕ ಎಂದೆ. “ಕಿಲ್ಲೆ ಕಾಣೂದು ನಮ್ಮ ಅಪ್ಪನ ಕಾಲಕ್ಕ ಮುಗೀತು” ಎಂದು ಎಲೆಅಡಿಕೆ ಬಾಯಿಗೆ ಹಾಕಿಕೊಂಡರು.

ಎತ್ತರ ಸೇರಿಸಿದೊಡನೆ ಲೆಕ್ಕದ ಸ್ವಭಾವವೇ ಬದಲಾಗುತ್ತದೆ. ಕಣ್ಣು ನೆಲದಿಂದ 20 ಮೀಟರ್ ಮೇಲಿದೆ ಎಂದುಕೊಳ್ಳಿ. ಬರಿಯ ಬಯಲಾದರೆ ಭೂಮಿಯ ಬಾಗುವಿಕೆಯನ್ನು ಹಿಡಿದೂ ದಿಗಂತ 16 ಕಿಲೋಮೀಟರ್ ದೂರ. ಸುಲ್ತಾನನ ಕಾವಲುಗಾರನಿಗೆ ಸಿಗುತ್ತಿದ್ದ ನೋಟ ಅಷ್ಟು. ಈಗ 100 ಮೀಟರ್ ದೂರದಲ್ಲಿ 9 ಮೀಟರ್ ಎತ್ತರದ ಮನೆ ಎದ್ದರೆ ಅದರ ಹಿಂದಿನ 80 ಮೀಟರಿಗೂ ಹೆಚ್ಚಿನ ನೆಲ ಮರೆಯಾಗುತ್ತದೆ. ಅದೇ ಮನೆ 500 ಮೀಟರ್ ದೂರದಲ್ಲಿದ್ದರೆ ಮರೆಯಾಗುವುದು 400 ಮೀಟರ್. ದೂರ ಹೋದಷ್ಟೂ ಸಣ್ಣ ಮನೆಯೂ ಉದ್ದನೆಯ ನೆರಳು ಬಿಡುತ್ತದೆ. ಅಂದರೆ ಸ್ಮಾರಕದ ಪಕ್ಕದ ಮನೆಯಷ್ಟೇ ಅಪರಾಧಿಯಲ್ಲ, ಅರ್ಧ ಕಿಲೋಮೀಟರ್ ಆಚೆಯ ಕಲ್ಯಾಣಮಂಟಪವೂ ಲೆಕ್ಕಕ್ಕೆ ಬರುತ್ತದೆ.

ಇದು ಬರೀ ಸ್ಮಾರಕದ ಮಾತಲ್ಲ. ರಂಜಾನಿನ ಕೊನೆಯ ಸಂಜೆ ಮೋಮಿನಪುರದ ಮಾಳಿಗೆಗಳ ಮೇಲೆ ಜನ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲುವ ಪದ್ಧತಿ ಇತ್ತು. ಎಳೆ ಚಂದ್ರ ಸೂರ್ಯ ಮುಳುಗಿದ ಮೇಲೆ ದಿಗಂತದಿಂದ ಹತ್ತು ಡಿಗ್ರಿ ಮೇಲಿದ್ದರೆ ದೊಡ್ಡದು, ಅದೂ ಕೆಲವೇ ನಿಮಿಷ. ಕಣ್ಣಿನ ಮಟ್ಟದಿಂದ 12 ಮೀಟರ್ ಮೇಲೆದ್ದ ಕಟ್ಟಡ 60 ಮೀಟರ್ ದೂರದಲ್ಲಿ ಬಂದು ನಿಂತರೆ ಆಕಾಶದ ಕೆಳಗಿನ 11 ಡಿಗ್ರಿ ಹೋಯಿತು, ಚಂದ್ರನೂ ಹೋದ. ನಮ್ಮ ದಾದಿ, ಅಂದರೆ ಅಜ್ಜಿ, ಬೆರಳಿಟ್ಟು ತೋರಿಸುತ್ತಿದ್ದ ಜಾಗದಲ್ಲಿ ಈಗ ನೀರಿನ ಟ್ಯಾಂಕು, ಮೊಬೈಲ್ ಟವರು. ಮಕ್ಕಳು ಚಾಂದ್ ಕಮಿಟಿಯ ಘೋಷಣೆಯನ್ನು ಫೋನಿನಲ್ಲಿ ಓದಿ ಪಟಾಕಿ ಹಚ್ಚುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಒಂದು ಓಣಿಯ ಜನರೆಲ್ಲ ಒಂದೇ ದಿಕ್ಕಿಗೆ ನೋಡುತ್ತಿದ್ದ ಸಂಜೆಗಳು ಹೋದವು.

ಕಾನೂನು ಇವತ್ತು ಈ ನೋಟವನ್ನು ಹೇಗೆ ಕಾಯುತ್ತದೆ? ಕೈವಾರದಿಂದ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಕೆಳಗೆ 1992ರಲ್ಲಿ ಹೊರಟ ಅಧಿಸೂಚನೆ, ಅದನ್ನು ಗಟ್ಟಿಮಾಡಿದ 2010ರ ತಿದ್ದುಪಡಿ, ಎರಡೂ ಹೇಳುವುದು ಒಂದೇ: ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ಕಟ್ಟಡ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ. ಕೋಟೆಗೊಂದು ಉಂಗುರ, ಹಫ್ತ್ ಗುಂಬಜಿಗೊಂದು ಉಂಗುರ. ಉಂಗುರದೊಳಗಿನ ಬಡವ ಸೋರುವ ಚಾವಣಿ ರಿಪೇರಿಗೂ ಅನುಮತಿ ಅರ್ಜಿ ಹಿಡಿದು ಅಲೆಯಬೇಕು. ಉಂಗುರ ದಾಟಿ ಒಂದು ಗಜ ಆಚೆ ಇರುವವನು ಸ್ಮಾರಕದ ನೋಟಕ್ಕೆ ಅಡ್ಡ ನಿಂತರೂ ಈ ಕಾಯ್ದೆ ಕೇಳುವುದಿಲ್ಲ. ಕೋಟೆಯಿಂದ ಹಫ್ತ್ ಗುಂಬಜಿಗೆ, ಕೋಟೆಯಿಂದ ಚೋರ್ ಗುಂಬಜಿಗೆ ಹಾಯುತ್ತಿದ್ದ ದೃಷ್ಟಿ ಯಾವ ಉಂಗುರದಲ್ಲೂ ಇಲ್ಲ. ಈ ಊರನ್ನು ಕಟ್ಟಿದವರ ಬುದ್ಧಿ ಇದ್ದದ್ದೇ ಆ ನಡುವಿನ ಜಾಗದಲ್ಲಿ.

ಬೇರೆ ಕಡೆ ಹೀಗಿಲ್ಲ. ಲಂಡನ್ನಿನಲ್ಲಿ ಸೇಂಟ್ ಪಾಲ್ಸ್ ಗುಮ್ಮಟ ಮರೆಯಾಗತೊಡಗಿದಾಗ ಆ ಚರ್ಚಿನ ಉಸ್ತುವಾರಿಯ ವಾಸ್ತುಶಿಲ್ಪಿ ಗಾಡ್‌ಫ್ರೀ ಅಲೆನ್ ಸುತ್ತಲ ನೆಲವನ್ನು ಚೌಕಗಳಾಗಿ ಕತ್ತರಿಸಿ ಪ್ರತಿ ಚೌಕಕ್ಕೂ ಬೇರೆ ಬೇರೆ ಎತ್ತರದ ಮಿತಿ ಗೊತ್ತುಮಾಡಿದ. 1930ರ ದಶಕದ ಕೊನೆಯಿಂದ ಅದು ಜಾರಿಯಲ್ಲಿದೆ. ಆಗ ಕಂಪ್ಯೂಟರ್ ಇರಲಿಲ್ಲ. ಜರ್ಮನಿಯ ಕೊಲೋನ್ ಚರ್ಚನ್ನು ಯುನೆಸ್ಕೊ 2004ರಲ್ಲಿ ಅಪಾಯದ ಪಟ್ಟಿಗೆ ಸೇರಿಸಿದ್ದು ನದಿಯಾಚೆ ಏಳಲಿದ್ದ ಎತ್ತರದ ಕಟ್ಟಡಗಳಿಂದಾಗಿ. ನಗರ ತನ್ನ ಯೋಜನೆ ತಗ್ಗಿಸಿಕೊಂಡ ಮೇಲೆ 2006ರಲ್ಲಿ ಪಟ್ಟಿಯಿಂದ ಹೊರಬಂತು. ನಮ್ಮ ಕಲಬುರಗಿಯೂ ಬೀದರ್, ಬಿಜಾಪುರ, ಹೈದರಾಬಾದ್ ಜೊತೆ ‘ದಖ್ಖನ್ ಸುಲ್ತಾನರ ಸ್ಮಾರಕಗಳು ಮತ್ತು ಕೋಟೆಗಳು’ ಎಂಬ ಹೆಸರಿನಲ್ಲಿ 2014ರಿಂದ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿದೆ. ನಾಳೆ ಅವರು ಬಂದು ಕೇಳುವ ಮೊದಲ ಪ್ರಶ್ನೆಗಳಲ್ಲಿ ಈ ನೋಟದ್ದೂ ಒಂದಾಗಿರುತ್ತದೆ.

ಎತ್ತರದ ಮಿತಿ ಅಂದ ಕೂಡಲೇ ನಮ್ಮ ಓಣಿಯವರಿಗೆ ಹೊಟ್ಟೆಯಲ್ಲಿ ಕಲಮಲ. ಮಗನ ಮದುವೆಯಾದರೆ ಮೇಲೊಂದು ಕೋಣೆ ಏರಿಸುವುದು ಬಿಟ್ಟು ಅವರಿಗೆ ಬೇರೆ ದಾರಿಯಿಲ್ಲ, ಅಗಲಕ್ಕೆ ಜಾಗವಿಲ್ಲ. ಇಲ್ಲೇ ಲೆಕ್ಕ ಕೈವಾರಕ್ಕಿಂತ ಕರುಣೆಯದ್ದು. ಈಗಾಗಲೇ ಮುಂದಿನ ಕಟ್ಟಡದ ಮರೆಯಲ್ಲಿರುವ ನಿವೇಶನದಲ್ಲಿ ಇನ್ನೊಂದು ಮಹಡಿ ಎದ್ದರೂ ಯಾವ ನೋಟಕ್ಕೂ ಧಕ್ಕೆಯಿಲ್ಲ, ಅಲ್ಲಿ ಕಟ್ಟಿಕೊಳ್ಳಲಿ ಬಿಡಿ. ದೃಷ್ಟಿಯ ಗೆರೆ ಹಾಯುವ ಕಡೆ ಮಾತ್ರ ಎಷ್ಟು ಮೀಟರ್ ಎಂದು ನಿವೇಶನವಾರು ಹೇಳಿ. ಉಂಗುರ ಎಲ್ಲರನ್ನೂ ಒಂದೇ ಕೋಲಿನಲ್ಲಿ ಹೊಡೆಯುತ್ತದೆ, ಲೆಕ್ಕ ಹಾಗೆ ಮಾಡಬೇಕಿಲ್ಲ. ಇದಕ್ಕೆ ಬೇಕಾದ ತಂತ್ರಾಂಶಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಬೇಕಾದದ್ದು ಪ್ರತಿ ಓಣಿಯ ಮಹಡಿ ಎಣಿಕೆ, ಅದನ್ನು ಕಲಬುರಗಿಯ ಕಾಲೇಜು ಹುಡುಗರು ಒಂದು ಬೇಸಿಗೆ ರಜೆಯಲ್ಲಿ ಮುಗಿಸಬಲ್ಲರು.

2010ರ ತಿದ್ದುಪಡಿ ಪ್ರತಿ ಸ್ಮಾರಕಕ್ಕೂ ಪ್ರತ್ಯೇಕ ಪಾರಂಪರಿಕ ಉಪನಿಯಮ ಮಾಡಬೇಕೆಂದು ಹೇಳುತ್ತದೆ, ಅದರ ಕರಡಿಗೆ ಸಾರ್ವಜನಿಕರ ಆಕ್ಷೇಪಣೆ ಸಲಹೆಗಳನ್ನೂ ಕೇಳುತ್ತಾರೆ. ಕಲಬುರಗಿಯ ಸ್ಮಾರಕಗಳ ಕರಡು ಎದುರಿಗೆ ಬಂದಾಗ ಸುಮ್ಮನಿರಬೇಡಿ. ನೋಟದ ನಕ್ಷೆ ಎಲ್ಲಿ ಎಂದು ಕೇಳಿ, ನಿಮ್ಮ ಮಾಳಿಗೆಯ ಎತ್ತರವನ್ನು ನೀವೇ ಅಳೆದು ಅರ್ಜಿಯ ಜೊತೆ ಲಗತ್ತಿಸಿ.